ವಕೀಲಿಕೆಯಿಂದ ಅಚ್ಚುಕೂಟಕ್ಕೆ: ಫ. ಗು. ಹಳಕಟ್ಟಿಯವರ ಬದುಕು

ನಮ್ಮಂತಹ ನೌಕರಿ, ವ್ಯವಹಾರಗಳ ಕುಟುಂಬಗಳಲ್ಲಿ ನಲವತ್ತೈದರ ವಯಸ್ಸೆಂದರೆ ಮನೆಸಾಲದ ಉಳಿದ ಕಂತುಗಳ ಲೆಕ್ಕ, ಮಕ್ಕಳ ಓದು, ಮದುವೆಗಳ ಚಿಂತೆ. ಕಟ್ಟಿಕೊಂಡದ್ದನ್ನು ಕಾಪಾಡಿಕೊಳ್ಳುವ ಕಾಲ ಅದು. ಅದೇ ವಯಸ್ಸಿನಲ್ಲಿ ವಿಜಾಪುರದ ಹೆಸರಾಂತ ವಕೀಲರೊಬ್ಬರು ತಮ್ಮ ಸ್ವಂತ ಮನೆಯನ್ನು ಮಾರಿ ಒಂದು ಮುದ್ರಣಾಲಯವನ್ನು ಹಾಕಿದರು. ವರ್ಷ 1925. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ವಚನ ಪಿತಾಮಹ ಎಂಬ ಅಭಿಧಾನದಿಂದ ಕನ್ನಡನಾಡು ಇಂದಿಗೂ ಅವರನ್ನು ನೆನೆಯುತ್ತದೆ. ಆದರೆ ಆ ಬಿರುದಿನ ಹಿಂದೆ ಒಂದು ಸಂಸಾರ ತೆತ್ತ ಬೆಲೆಯನ್ನು ನಾವು ನೆನೆಯುವುದು ಕಡಿಮೆ.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು ಮತ್ತು ಬರಹಗಾರರು. ಆ ಭಾಗವೆಲ್ಲ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಉನ್ನತ ಶಿಕ್ಷಣವನ್ನು ಅರಸಿದ ತರುಣರು ಈ ಮಹಾನಗರಕ್ಕೆ ಬರುವುದು ವಾಡಿಕೆಯಾಗಿತ್ತು. ಹಳಕಟ್ಟಿಯವರೂ ಇಲ್ಲಿನ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಸೇರಿ ಪದವಿ ಪಡೆದರು. 1904ರಲ್ಲಿ ಕಾನೂನು ಪದವಿಯನ್ನೂ ಗಳಿಸಿದರು. ಆಲೂರು ವೆಂಕಟರಾಯರ ಒಡನಾಟ ದೊರೆತದ್ದೂ ಈ ಊರಿನಲ್ಲಿಯೇ. ಇಲ್ಲಿನ ಮರಾಠಿಗರು ಮತ್ತು ಗುಜರಾತಿಗಳು ತಮ್ಮ ನುಡಿಯ ವಿಷಯದಲ್ಲಿ ತಳೆದಿದ್ದ ಅಭಿಮಾನವನ್ನು ಕಂಡ ಆ ತರುಣನಿಗೆ ತನ್ನ ಭಾಷೆಯ ಸ್ಥಿತಿ ಚುಚ್ಚಿತು. ಹೊರನಾಡಿಗೆ ಬಂದ ಮೇಲೆಯೇ ಕನ್ನಡದ ಎಚ್ಚರ ಮೂಡುವ ಈ ಅನುಭವ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ.

ವಿದ್ಯಾರ್ಥಿಯಾಗಿದ್ದಾಗಲೇ, 1903ರ ಸುಮಾರಿಗೆ, ರಬಕವಿ-ಬನಹಟ್ಟಿಯ ಕಡೆ ಹೋಗಿದ್ದ ಅವರಿಗೆ ಒಂದು ಮನೆಯಲ್ಲಿ ತಾಡೋಲೆಗಳ ಕಟ್ಟು ಕಾಣಸಿಕ್ಕಿತು. ಅದರಲ್ಲಿ ಪ್ರಭುದೇವರ ವಚನಗಳೂ ಷಟ್‌ಸ್ಥಲ ತಿಲಕವೂ ಇದ್ದವು. ಆದರೆ ಅಂದು ಅವರು ಓದನ್ನು ಬಿಡಲಿಲ್ಲ, ವೃತ್ತಿಯನ್ನೂ ತಿರಸ್ಕರಿಸಲಿಲ್ಲ. ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿ ನಡೆಸಿ ವಿಜಾಪುರಕ್ಕೆ ಬಂದು ನೆಲೆಸಿದರು. ಸರಕಾರಿ ವಕೀಲರೂ ಆದರು. 1910ರಲ್ಲಿ ಅಲ್ಲಿನ ಲಿಂಗಾಯತ ವಿದ್ಯಾಸಂಸ್ಥೆಯನ್ನು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನು ಸ್ಥಾಪಿಸುವುದರಲ್ಲಿ ಮುಂದಾದರು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರೂ ಆದರು. ಒಬ್ಬ ಮನುಷ್ಯನ ಜೀವನ ಸಾರ್ಥಕವೆನ್ನಲು ಇಷ್ಟೇ ಸಾಕಿತ್ತು.

ಆದರೆ ಆ ಓಲೆಗರಿಗಳ ಕಟ್ಟು ಅವರನ್ನು ಬಿಡಲಿಲ್ಲ. ನ್ಯಾಯಾಲಯದ ಬಿಡುವಿನಲ್ಲಿ ಹಳ್ಳಿಹಳ್ಳಿ ತಿರುಗಿ, ಮಠಗಳಲ್ಲಿ, ಗೃಹಸ್ಥರ ಮನೆಗಳಲ್ಲಿ ವಿಚಾರಿಸಿ ಹಸ್ತಪ್ರತಿಗಳನ್ನು ಸಂಗ್ರಹಿಸತೊಡಗಿದರು. ಇದು ಸುಲಭದ ಕೆಲಸವಲ್ಲ. ಜಗಲಿಯ ಮೇಲಿಟ್ಟು ಪೂಜಿಸುವ ಕಟ್ಟನ್ನು ಅಪರಿಚಿತನ ಕೈಗೆ ಕೊಡಲು ಯಾರಿಗೆ ತಾನೇ ಮನಸ್ಸು ಬಂದೀತು? ಕೊಟ್ಟರೂ ಗರಿಗಳು ಮುರಿದಿರುತ್ತಿದ್ದವು, ಹುಳ ತಿಂದಿರುತ್ತಿದ್ದವು. ಕಂಟದಿಂದ ಕೊರೆದ ಅಕ್ಷರಗಳಿಗೆ ಮಸಿ ಸವರಿದ ಮೇಲೆಯೇ ಸಾಲು ಕಾಣುವುದು. ಅದರಲ್ಲಿಯೂ ಪದಪದಗಳ ನಡುವೆ ತೆರಪಿಲ್ಲ. ಒಂದೇ ವಚನ ಒಂದು ಪ್ರತಿಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಮತ್ತೊಂದು ಬಗೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ, ರಾಮನಾಥ ಎಂದಿದ್ದರೆ ಜೇಡರ ದಾಸಿಮಯ್ಯ ಎಂದು ಅಂಕಿತದಿಂದ ಕರ್ತೃವನ್ನು ಗುರುತಿಸಬೇಕು. ಪ್ರತಿಗಳನ್ನು ತಾಳೆ ನೋಡಿ, ಸಾಕ್ಷಿಯನ್ನು ತೂಗಿ, ಒಂದು ತೀರ್ಮಾನಕ್ಕೆ ಬರುವ ಈ ಕೆಲಸಕ್ಕೆ ವಕೀಲರ ಅಭ್ಯಾಸವೇ ಬೇಕಿತ್ತೆಂದು ನನಗೆ ಅನ್ನಿಸುತ್ತದೆ. ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ. ಕಕ್ಷಿದಾರರು ಮಾತ್ರ ಬದಲಾದರು, ಮತ್ತು ಅವರು ಶುಲ್ಕ ಕೊಡುವವರಾಗಿರಲಿಲ್ಲ.

ಎರಡು ದಶಕಗಳ ಹತ್ತಿರ ಈ ಎರಡು ಬದುಕುಗಳು ಜೊತೆಜೊತೆಯಾಗಿ ಸಾಗಿದವು. ಸಂಗ್ರಹಿಸಿದ ವಚನಗಳನ್ನು ಸ್ಥಲಗಳಿಗನುಸಾರವಾಗಿ ಜೋಡಿಸಿ ವಚನಶಾಸ್ತ್ರಸಾರ ಎಂಬ ಗ್ರಂಥವನ್ನು ಸಿದ್ಧಪಡಿಸಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿ ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಮೊದಲ ಭಾಗ ಬೆಳಕು ಕಂಡಿತು. ಬಹುಶಃ ಈ ಅಲೆದಾಟವೇ ಅವರಿಗೆ ಪಾಠವಾಯಿತು. ಅನ್ಯರ ಮೊಳೆಗಳನ್ನು, ಅನ್ಯರ ಅನುಕೂಲವನ್ನು ಕಾಯುತ್ತ ಕುಳಿತರೆ ಆಯುಷ್ಯ ಸಾಲದು. ತಾಡೋಲೆಗಳಿಗೂ ಅಷ್ಟು ಕಾಲವಿರಲಿಲ್ಲ.

ಹೀಗೆ ಮನೆ ಹೋಗಿ ಹಿತಚಿಂತಕ ಮುದ್ರಣಾಲಯ ಬಂತು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಆರಂಭವಾದವು. ಒಂದು ವಚನಗಳಿಗೆ, ಮತ್ತೊಂದು ಏಕೀಕರಣ ಮತ್ತು ನಾಡಿನ ಸಮಾಚಾರಗಳಿಗೆ. ವಕೀಲಿ ಹಿಂದೆ ಸರಿಯಿತು. ಅದರೊಂದಿಗೆ ವರಮಾನವೂ ಸರಿಯಿತು. ಅಚ್ಚುಮೊಳೆ, ಕಾಗದ, ಮಸಿ, ಕೆಲಸಗಾರರ ಸಂಬಳ ಇವೆಲ್ಲ ತಿಂಗಳು ತಿಂಗಳೂ ಕೈಚಾಚುವಂಥವು, ಚಂದಾದಾರರೋ ಬೆರಳೆಣಿಕೆಯವರು. ಒಂದು ಕಾಲಕ್ಕೆ ಸ್ವಂತ ಮನೆಯಿದ್ದ ವಕೀಲರು ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದರು. ಪತ್ನಿ ಭಾಗೀರಥಿಬಾಯಿಯವರ ಹೆಸರು ಪುಸ್ತಕಗಳ ಮುಖಪುಟದಲ್ಲಿಲ್ಲ. ಪತಿಯ ಧ್ಯೇಯಕ್ಕೆ ನಮಸ್ಕರಿಸುವಾಗ ಆ ಬಾಡಿಗೆ ಮನೆಯ ಒಲೆಯನ್ನು ಉರಿಸಿದವರನ್ನು ಮರೆಯುವುದು ನ್ಯಾಯವಲ್ಲ.

ಕಷ್ಟ ಹೆಚ್ಚಿದಂತೆ ಕೆಲಸವೂ ಹೆಚ್ಚಿತು. ಹರಿಹರನ ರಗಳೆಗಳು ಓದುಗರ ಕೈ ಸೇರಿದವು. 1930ರಲ್ಲಿ ಶೂನ್ಯಸಂಪಾದನೆ ಅಚ್ಚಾಯಿತು. ಅವರು ಕೈಹಾಕುವ ಮುನ್ನ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿತ್ತು. ಅವರ ಶೋಧನೆಯಿಂದ ಆ ಸಂಖ್ಯೆ 250ನ್ನು ದಾಟಿತೆಂದು ಲೆಕ್ಕ. ನೇಯುವವರು, ಕಟ್ಟಿಗೆ ಒಡೆಯುವವರು, ದೋಣಿ ನಡೆಸುವವರು, ಮನೆಯೊಳಗಿನ ಹೆಣ್ಣುಮಕ್ಕಳು ಹೀಗೆ ಹನ್ನೆರಡನೆಯ ಶತಮಾನದ ಸಾಮಾನ್ಯರು ನುಡಿದುದು ಮತ್ತೆ ಕಿವಿಗೆ ಬಿತ್ತು. ಇಂದು ನಮ್ಮ ಸಂಘದ ಸಭೆಗಳಲ್ಲಿ ಮಕ್ಕಳು ನಿರಾಯಾಸವಾಗಿ ಹಾಡುವ ವಚನಗಳಲ್ಲಿ ಎಷ್ಟೋ ಅವರ ಮೊಳೆಗಳನ್ನು ದಾಟಿಯೇ ಬಂದಂಥವು.

ಗೌರವಗಳು ಬರದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ದೊರೆಯಿತು. ಸರಕಾರದ ಬಿರುದುಗಳೂ ಬಂದವು. 1956ರಲ್ಲಿ, ಕರ್ನಾಟಕ ಒಂದಾದ ವರ್ಷವೇ, ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಆದರೆ ಸನ್ಮಾನದ ಶಾಲಿನಿಂದ ಕಾಗದದ ಬಾಕಿ ತೀರುವುದಿಲ್ಲವಷ್ಟೆ. ಎರಡೂ ಪತ್ರಿಕೆಗಳನ್ನು ಅವರು ಮೂರು ದಶಕಗಳಿಗೂ ಮೀರಿ ನಡೆಸಿಕೊಂಡು ಬಂದರು.

1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನಗಳಿದ್ದಾಗ, ಹಳಕಟ್ಟಿಯವರು ತೀರಿಕೊಂಡರು. ವಿಜಾಪುರ 2014ರಲ್ಲಿ ವಿಜಯಪುರವಾಯಿತು. ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಅವರ ಸಮಗ್ರ ಸಾಹಿತ್ಯ ಹದಿನೈದು ಸಂಪುಟಗಳಲ್ಲಿ ಪ್ರಕಟವಾಗಿದೆ. ಗೋಳಗುಮ್ಮಟ ನೋಡಲು ಹೋಗುವ ನಮ್ಮವರು ಆ ಕಡೆಗೂ ಒಮ್ಮೆ ಕಾಲಿಟ್ಟು ಬರಬಹುದು.