ಭಾಷಾಂತರಕ್ಕಾಗಿ ಬಲಿಯಾದ ವಿಲಿಯಂ ಟಿಂಡೇಲ್

ಮತಸುಧಾರಣೆಯ ಚರಿತ್ರೆಯಲ್ಲಿ ಲೂಥರ್, ಕ್ಯಾಲ್ವಿನ್ನರ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಅವರ ನಡುವೆ ವಿಲಿಯಂ ಟಿಂಡೇಲನ ಹೆಸರು ನಮ್ಮ ತರಗತಿಯಲ್ಲಿ ಒಂದೇ ವಾಕ್ಯದಲ್ಲಿ ಬಂದುಹೋಯಿತು. ಆ ವಾಕ್ಯ ಮಾತ್ರ ನನ್ನನ್ನು ಬಿಡಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮನೆಗೆ ಬಂದ ಕಾಗದವನ್ನು ಓದಿಸಿಕೊಳ್ಳಲು ನನ್ನ ತಂದೆ ಪರರ ಜಗಲಿಯಲ್ಲಿ ಕಾದು ಕುಳಿತುದನ್ನು ನೋಡುತ್ತ ಬೆಳೆದವನು ನಾನು. ಓದಬಲ್ಲವರಿಗೂ ಓದಲಾರದವರಿಗೂ ನಡುವಣ ಗೋಡೆಯನ್ನು ಕೆಡವಲು ಹೊರಟವನ ಕಥೆ ನನಗೆ ಪರಕೀಯವೆನಿಸಲಿಲ್ಲ.

ಟಿಂಡೇಲನು ಸುಮಾರು 1494ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ 1512ರಲ್ಲಿ ಬಿ.ಎ., 1515ರಲ್ಲಿ ಎಂ.ಎ. ಪದವಿಗಳನ್ನು ಪಡೆದನು. ಆಗ ಇಂಗ್ಲೆಂಡಿನ ದೇವಾಲಯಗಳಲ್ಲಿ ಬೈಬಲ್ ಲ್ಯಾಟಿನ್ನಿನಲ್ಲಿತ್ತು. ಬಿಷಪ್ಪರ ಅನುಮತಿಯಿಲ್ಲದೆ ಅದನ್ನು ಇಂಗ್ಲಿಷಿಗೆ ತರುವುದು ನಿಷಿದ್ಧವಾಗಿತ್ತು. ಹಳ್ಳಿಯ ಶ್ರೀಮಂತರೊಬ್ಬರ ಮನೆಯಲ್ಲಿ ಉಪಾಧ್ಯಾಯನಾಗಿದ್ದಾಗ ಪಾದ್ರಿಗಳ ಅಜ್ಞಾನವನ್ನು ಕಂಡ ಅವನು, ನೇಗಿಲು ಹಿಡಿದ ಹುಡುಗನಿಗೂ ಧರ್ಮಗ್ರಂಥ ತಿಳಿಯುವಂತೆ ಮಾಡುವೆನೆಂದು ಹಠ ತೊಟ್ಟನೆಂದು ಹೇಳುತ್ತಾರೆ. ಲಂಡನ್ನಿನ ಬಿಷಪ್ ಟನ್‌ಸ್ಟಾಲನು ಆಶ್ರಯ ಕೊಡಲಿಲ್ಲ. 1524ರಲ್ಲಿ ಟಿಂಡೇಲ್ ಜರ್ಮನಿಗೆ ಹೊರಟನು. ಮತ್ತೆಂದೂ ತಾಯ್ನಾಡನ್ನು ಕಾಣಲಿಲ್ಲ.

1525ರಲ್ಲಿ ಕಲೋನ್ ನಗರದಲ್ಲಿ ಅಚ್ಚಿನ ಕೆಲಸ ಅರ್ಧದಲ್ಲಿರುವಾಗಲೇ ಸುಳಿವು ಹೊರಬಿತ್ತು. ಅಚ್ಚಾದ ಹಾಳೆಗಳನ್ನು ಹೊತ್ತು ಅವನು ವರ್ಮ್ಸ್ ನಗರಕ್ಕೆ ಓಡಿದನು. ಗ್ರೀಕ್ ಮೂಲದಿಂದ ಮಾಡಿದ ಇಂಗ್ಲಿಷ್ ಹೊಸ ಒಡಂಬಡಿಕೆ 1526ರಲ್ಲಿ ಅಲ್ಲಿ ಪೂರ್ಣವಾಗಿ ಅಚ್ಚಾಗಿ, ಗುಟ್ಟಾಗಿ ಇಂಗ್ಲೆಂಡನ್ನು ಸೇರಿತು. ಟನ್‌ಸ್ಟಾಲನು ಅದನ್ನು ಸುಡಿಸಿದನು. ಟಿಂಡೇಲ್ ಎದೆಗುಂದದೆ ಹೀಬ್ರೂ ಕಲಿತು, 1530ರಲ್ಲಿ ಹಳೆಯ ಒಡಂಬಡಿಕೆಯ ಮೊದಲ ಐದು ಪುಸ್ತಕಗಳನ್ನೂ ಪ್ರಕಟಿಸಿದನು.

ಅವನ ಮತತತ್ತ್ವವು ಲೂಥರನದಕ್ಕೆ ಸಮೀಪವಾದುದು. ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದು ನಂಬಿಕೆಯಿಂದ, ಕರ್ಮದಿಂದಲ್ಲ. ಮರ ಒಳ್ಳೆಯದಾದರೆ ಹಣ್ಣು ತಾನಾಗಿ ಬರುವಂತೆ ಸತ್ಕರ್ಮವು ನಂಬಿಕೆಯ ಫಲ. ಶಾಸ್ತ್ರವೇ ಪ್ರಮಾಣ, ಪೋಪನಲ್ಲ. ಈ ತತ್ತ್ವವು ಅವನ ಪದಗಳಲ್ಲೇ ಅಡಗಿದೆ. ಚರ್ಚ್ ಎಂಬಲ್ಲಿ ಸಭೆ, ಪಾದ್ರಿ ಎಂಬಲ್ಲಿ ಹಿರಿಯ, ಪ್ರಾಯಶ್ಚಿತ್ತ ಎಂಬಲ್ಲಿ ಪಶ್ಚಾತ್ತಾಪ ಎಂದು ಅರ್ಥಕೊಡುವ ಇಂಗ್ಲಿಷ್ ಮಾತುಗಳನ್ನು ಅವನಿಟ್ಟನು. ಒಂದೊಂದು ಪದ ಬದಲಾದಾಗಲೂ ಒಂದೊಂದು ಅಧಿಕಾರ ಅಲುಗಿತು. ಸರ್ ಥಾಮಸ್ ಮೋರನಂತಹ ಮಹಾಪಂಡಿತನು ಅವನ ಮೇಲೆ ಸಂಪುಟಗಳನ್ನೇ ಬರೆದುದು ಇದಕ್ಕಾಗಿ. ವಾದದಲ್ಲಿ ಟಿಂಡೇಲನ ನಾಲಗೆಯೂ ಕಟುವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಪ್ರಜೆಗಳು ಅರಸನಿಗೆ ವಿಧೇಯರಾಗಿರಬೇಕೆಂದು 1528ರಲ್ಲಿ ಬರೆದವನೇ, 1530ರಲ್ಲಿ ಎಂಟನೆಯ ಹೆನ್ರಿಯ ವಿವಾಹ ವಿಚ್ಛೇದನವನ್ನು ವಿರೋಧಿಸಿ ಅರಸನ ಕೋಪಕ್ಕೂ ಗುರಿಯಾದನು.

1535ರಲ್ಲಿ ಆಂಟ್‌ವರ್ಪಿನಲ್ಲಿ ಸ್ನೇಹಿತನಂತೆ ನಟಿಸಿದ ಹೆನ್ರಿ ಫಿಲಿಪ್ಸ್ ಅವನನ್ನು ಹಿಡಿದುಕೊಟ್ಟನು. ಬ್ರಸೆಲ್ಸ್ ಸಮೀಪದ ವಿಲ್ವೋರ್ಡ್ ಕೋಟೆಯ ಸೆರೆಯಿಂದ ಅವನು ಬರೆದ ಕಾಗದವೊಂದು ಉಳಿದಿದೆ. ಅದರಲ್ಲಿ ಬೇಡಿದುದು ಬೆಚ್ಚನೆಯ ಟೋಪಿ, ಅಂಗಿ, ಸಂಜೆಗೊಂದು ದೀಪ. ಎಲ್ಲಕ್ಕಿಂತ ಮಿಗಿಲಾಗಿ ಹೀಬ್ರೂ ಬೈಬಲ್, ವ್ಯಾಕರಣ, ನಿಘಂಟು. 1536ರ ಅಕ್ಟೋಬರಿನಲ್ಲಿ ಅವನನ್ನು ಕೊರಳು ಬಿಗಿದು ಕೊಂದು ಸುಟ್ಟರು. ಮರುವರ್ಷವೇ, 1537ರಲ್ಲಿ, ಅವನ ಭಾಷಾಂತರವನ್ನು ಬಹುಮಟ್ಟಿಗೆ ಒಳಗೊಂಡ ಬೈಬಲ್ ಬೇರೊಂದು ಹೆಸರಿನಲ್ಲಿ ಅರಸನ ಅನುಮತಿಯನ್ನೇ ಪಡೆಯಿತು. 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲಿನಲ್ಲಿಯೂ ಅವನ ಮಾತುಗಳು ಹೇರಳವಾಗಿ ಉಳಿದಿವೆ.

ರಜೆಯಲ್ಲಿ ಈ ಕಥೆಯನ್ನು ನನ್ನ ತಾಯಿಗೆ ಹೇಳಹೋದೆ. ಪ್ರಾಮಾಣ್ಯ, ಸಿದ್ಧಾಂತ ಎಂಬ ನನ್ನ ಪರೀಕ್ಷೆಯ ಮಾತುಗಳನ್ನು ಅವಳು ತಾಳ್ಮೆಯಿಂದ ಕೇಳಿ, ಇದನ್ನು ನನಗೆ ತಿಳಿಯುವ ಹಾಗೆ ಹೇಳಬಾರದೇ ಎಂದಳು. ನಾನು ನಾಚಿದೆ. ಮೂರು ವರ್ಷಗಳಲ್ಲಿ ನಾನೂ ಒಂದು ಲ್ಯಾಟಿನ್ ಕಲಿತಿದ್ದೆ! ಮೊದಲಿನಿಂದ ಮತ್ತೆ ಹೇಳಿದೆ. ದೀಪವನ್ನೂ ಪುಸ್ತಕವನ್ನೂ ಬೇಡಿದ ಆ ಕಾಗದದ ಮಾತು ಬಂದಾಗ ಅವಳು ಕಣ್ಣೊರೆಸಿಕೊಂಡಳು. ಟಿಂಡೇಲ್ ನನಗೆ ಅರ್ಥವಾದುದು ಆ ಸಂಜೆ.