ಸೋಲಲು ಒಪ್ಪಿದ ಚಾಂಪಿಯನ್: ಮ್ಯಾರಿಯನ್ ಟಿನ್ಸ್ಲಿ

ಮೊಬೈಲ್‌ನಲ್ಲಿ ಚೆಸ್ ಆಡುವ ಗೆಳೆಯರಿಗೆಲ್ಲ ಒಂದು ಅನುಭವ ಇದ್ದೇ ಇರುತ್ತದೆ. ಕಂಪ್ಯೂಟರ್‌ನ ಮಟ್ಟವನ್ನು ಸ್ವಲ್ಪ ಏರಿಸಿದ ಕೂಡಲೇ ಇಪ್ಪತ್ತು ನಡೆಗಳೊಳಗೆ ಮಂತ್ರಿ ಹೋಗುತ್ತದೆ, ರಾಜ ಸಿಕ್ಕಿಬೀಳುತ್ತಾನೆ. ಪಕ್ಕದಲ್ಲಿ ಯಾರಾದರೂ ನೋಡುತ್ತಿದ್ದರೆ ಇನ್ನಷ್ಟು ಮುಜುಗರ. ಮೆಲ್ಲಗೆ ಆಟ ಮುಚ್ಚಿ, ಮಟ್ಟವನ್ನು ಮತ್ತೆ ಇಳಿಸಿಬಿಡುತ್ತೇವೆ.

ಇಂಥ ಸೋಲನ್ನು ಜಗತ್ತಿನ ಮುಂದೆ, ಪತ್ರಕರ್ತರ ಎದುರು, ಅರವತ್ತೈದರ ವಯಸ್ಸಿನಲ್ಲಿ ಎದುರಿಸಿದ ಒಬ್ಬ ಚಾಂಪಿಯನ್ ಇದ್ದರು. ಅವರು ಅಮೆರಿಕದ ಗಣಿತ ಪ್ರಾಧ್ಯಾಪಕ ಮ್ಯಾರಿಯನ್ ಟಿನ್ಸ್ಲಿ. ಅವರ ಆಟ ಚೆಕರ್ಸ್. ಬ್ರಿಟನ್ನಿನಲ್ಲಿ ಇದನ್ನೇ ಡ್ರಾಟ್ಸ್ ಎನ್ನುತ್ತಾರೆ. ಚೆಕರ್ಸ್ ಇತಿಹಾಸದಲ್ಲಿ ಅವರಷ್ಟು ದೊಡ್ಡ ಆಟಗಾರ ಮತ್ತೊಬ್ಬರಿಲ್ಲ. 1950ರಿಂದ 1995ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 45 ವರ್ಷಗಳಲ್ಲಿ, ಅವರು ಸೋತ ಆಟಗಳು ಏಳೇ ಏಳು ಎಂದು ದಾಖಲಾಗಿದೆ. ಆ ಏಳರಲ್ಲಿ ಎರಡು ಕಂಪ್ಯೂಟರ್ ಎದುರು ಸೋತವು.

ಟಿನ್ಸ್ಲಿ ಹುಟ್ಟಿದ್ದು 1927ರ ಫೆಬ್ರವರಿ 3ರಂದು, ಓಹಾಯೋ ರಾಜ್ಯದ ಐರನ್ಟನ್ ಎಂಬ ಊರಿನಲ್ಲಿ. ಓದಿನಲ್ಲಿ ಬಹಳ ಚುರುಕು. ಹಲವು ತರಗತಿಗಳನ್ನು ಜಿಗಿದು, ಹದಿನೈದರ ಹೊತ್ತಿಗೆ ಪ್ರೌಢಶಾಲೆ ಮುಗಿಸಿದರು. ಆದರೆ ಈ ಚುರುಕಿನ ಹಿಂದೆ ಒಂದು ನೋವಿತ್ತು. ತಂದೆತಾಯಿಗೆ ತನಗಿಂತ ಸೋದರಿಯ ಮೇಲೆಯೇ ಹೆಚ್ಚು ಪ್ರೀತಿ ಎಂದು ಬಾಲಕನಿಗೆ ಅನ್ನಿಸುತ್ತಿತ್ತು. ಗಣಿತದಲ್ಲಿ, ಸ್ಪೆಲ್ಲಿಂಗ್ ಸ್ಪರ್ಧೆಗಳಲ್ಲಿ ಗೆದ್ದರಾದರೂ ಅವರ ಮೆಚ್ಚುಗೆ ಸಿಕ್ಕೀತು ಎಂದು ದುಡಿದರು.

ಚೆಕರ್ಸ್ ಅವರ ಬಾಳಿಗೆ ಬಂದದ್ದು ಸೋಲಿನ ಮೂಲಕವೇ. ಅವರ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಅಜ್ಜಿ ಮಕ್ಕಳೊಂದಿಗೆ ಚೆಕರ್ಸ್ ಆಡುತ್ತಿದ್ದರು. ಹುಡುಗನ ಕಾಯಿ ಹೊಡೆದಾಗಲೆಲ್ಲ ಆಕೆ ಜೋರಾಗಿ ನಗುತ್ತಿದ್ದರು. ಆ ನಗು ಟಿನ್ಸ್ಲಿಗೆ ಮುಪ್ಪಿನವರೆಗೂ ಮರೆಯಲಿಲ್ಲ. ಮುಂದೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಗಣಿತದ ಪುಸ್ತಕ ಹುಡುಕುತ್ತಿದ್ದಾಗ ಚೆಕರ್ಸ್ ಕುರಿತ ಪುಸ್ತಕವೊಂದು ಕೈಗೆ ಸಿಕ್ಕಿತು. ಇಷ್ಟು ಸರಳವಾಗಿ ಕಾಣುವ ಆಟದೊಳಗೆ ಇಷ್ಟು ಆಳವಿದೆಯೇ ಎಂದು ಅವರು ಬೆರಗಾದರು. ಸ್ನಾತಕೋತ್ತರ ಓದಿನ ದಿನಗಳಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನ ಚೆಕರ್ಸ್ ಅಭ್ಯಾಸಕ್ಕೇ ಮೀಸಲಿಟ್ಟಿದ್ದಾಗಿ ಅವರು ಹೇಳಿಕೊಂಡಿದ್ದಾರೆ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಚೆಸ್ ಹಲಗೆಯ 64 ಮನೆಗಳಲ್ಲಿ 32 ಕಪ್ಪು ಮನೆಗಳನ್ನು ಮಾತ್ರ ಬಳಸುತ್ತಾರೆ. ಇಬ್ಬರಿಗೂ ಹನ್ನೆರಡು ಹನ್ನೆರಡು ಕಾಯಿ. ಕಾಯಿ ಓರೆಯಾಗಿ ಮುಂದಕ್ಕೆ ಒಂದು ಮನೆ ನಡೆಯುತ್ತದೆ. ನಮ್ಮ ಹುಲಿ-ಕುರಿ ಆಟದಲ್ಲಿ ಹುಲಿಯು ಕುರಿಯ ಮೇಲಿಂದ ಹಾರುವಂತೆ, ಎದುರಾಳಿಯ ಕಾಯಿಯ ಆಚೆ ಮನೆ ಖಾಲಿ ಇದ್ದರೆ ಅದನ್ನು ಹಾರಿ ಹೊಡೆಯಬೇಕು. ಬೇಡವೆನ್ನುವಂತಿಲ್ಲ, ಹೊಡೆಯುವುದು ಕಡ್ಡಾಯ. ಆಚೆ ತುದಿ ಮುಟ್ಟಿದ ಕಾಯಿ ರಾಜನಾಗುತ್ತದೆ, ಆಮೇಲೆ ಹಿಂದಕ್ಕೂ ನಡೆಯಬಹುದು. ಎದುರಾಳಿಗೆ ನಡೆಸಲು ಏನೂ ಉಳಿಯದಂತೆ ಮಾಡಿದವರು ಗೆದ್ದರು. ದೊಡ್ಡ ಆಟಗಾರರು ಇದರಲ್ಲಿ ತಪ್ಪು ಮಾಡುವುದೇ ಅಪರೂಪ. ಹೀಗಾಗಿ ಎಲ್ಲ ಆಟಗಳೂ ಡ್ರಾ ಆಗಬಾರದೆಂದು ದೊಡ್ಡ ಪಂದ್ಯಗಳಲ್ಲಿ ಮೊದಲ ಮೂರು ನಡೆಗಳನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ.

ಟಿನ್ಸ್ಲಿ 1955ರಲ್ಲಿ ವಾಲ್ಟರ್ ಹೆಲ್ಮನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. 1958ರಲ್ಲಿ ಬ್ರಿಟನ್ನಿನ ಡೆರೆಕ್ ಓಲ್ಡ್‌ಬರಿ ಅವರನ್ನೂ ಸೋಲಿಸಿದರು. ಆಮೇಲೆ ಆಟವನ್ನೇ ಬಿಟ್ಟು ಹನ್ನೆರಡು ವರ್ಷ ದೂರ ಉಳಿದರು. ತಾನೇ ಎಲ್ಲರಿಗಿಂತ ಮುಂದಿರುವಾಗ ಆಡುವುದರಲ್ಲಿ ಸ್ವಾರಸ್ಯವೇ ಉಳಿದಿರಲಿಲ್ಲ.

ಆಟದ ಹೊರಗೆ ಅವರ ಬದುಕು ಸರಳವಾಗಿತ್ತು. ಗಣಿತದಲ್ಲಿ ಅವರ ಡಾಕ್ಟರೇಟ್ ಇದ್ದದ್ದು ಕಾಂಬಿನೇಟೋರಿಕ್ಸ್‌ನಲ್ಲಿ. ನಾವು ಪ್ರಥಮ ಪಿಯುಸಿಯಲ್ಲಿ ಓದುವ ಪರ್ಮ್ಯುಟೇಶನ್, ಕಾಂಬಿನೇಶನ್‌ಗಳ ಮುಂದುವರಿದ ಶಾಖೆ ಅದು. ಅವರು ಮದುವೆಯಾಗಲಿಲ್ಲ. ಕ್ರೈಸ್ತ ಧರ್ಮದಲ್ಲಿ ಆಳವಾದ ಶ್ರದ್ಧೆ ಇತ್ತು, ಚರ್ಚಿನಲ್ಲಿ ಪ್ರವಚನ ಮಾಡುತ್ತಿದ್ದರು. ಒಮ್ಮೆ ಆಫ್ರಿಕಾಕ್ಕೆ ಹೋಗಿ ಧರ್ಮಸೇವೆ ಮಾಡುವ ಮನಸ್ಸು ಮಾಡಿದ್ದರು. ಆಫ್ರಿಕಾದ ಕಪ್ಪು ಜನರಿಗೆ ನೆರವಾಗಲು ಹೊರಡುವ ಅನೇಕರು ತಮ್ಮದೇ ದೇಶದ ಕಪ್ಪು ಜನರೊಡನೆ ಮಾತೂ ಆಡುವುದಿಲ್ಲ ಎಂದು ಚರ್ಚಿನ ಒಬ್ಬ ಮಹಿಳೆ ಅವರಿಗೆ ನೆನಪಿಸಿದರು. ಆ ಮಾತು ಅವರ ಮನಸ್ಸಿಗೆ ನಾಟಿತು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಅದೇ ಟ್ಯಾಲಹ್ಯಾಸಿ ನಗರದ ಫ್ಲಾರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ ಸೇರಿದರು. ಅದು ಕಪ್ಪು ವರ್ಣೀಯ ವಿದ್ಯಾರ್ಥಿಗಳಿಗಾಗಿ ಸ್ಥಾಪನೆಯಾದ ಸಂಸ್ಥೆ. ವರ್ಣಭೇದ ಇನ್ನೂ ಬಲವಾಗಿದ್ದ ಕಾಲದಲ್ಲಿ ಒಬ್ಬ ಬಿಳಿಯ ಪ್ರಾಧ್ಯಾಪಕ ಹೀಗೆ ಹೋಗಿ, ನಿವೃತ್ತರಾಗುವವರೆಗೂ ಅಲ್ಲೇ ಪಾಠ ಮಾಡಿದ್ದು ಸಣ್ಣ ಸಂಗತಿಯಲ್ಲ.

1970ರಲ್ಲಿ ಅವರು ಆಟಕ್ಕೆ ಮರಳಿದರು, 1975ರಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು. ಈಗ ಇನ್ನೊಂದು ತೊಂದರೆ ಶುರುವಾಯಿತು. ಎದುರಾಳಿಗಳಿಗೆ ಅವರ ಭಯ. ಗೆಲ್ಲಲು ಯಾರೂ ಯತ್ನಿಸುತ್ತಿರಲಿಲ್ಲ, ಹೇಗಾದರೂ ಡ್ರಾ ಮಾಡಿಕೊಂಡರೆ ಸಾಕು ಎನ್ನುವವರೇ ಎಲ್ಲ. ಚಾಂಪಿಯನ್ ಪಟ್ಟ ಭದ್ರವಾಗಿತ್ತು, ಆಟ ಮಾತ್ರ ಸಪ್ಪೆಯಾಗಿತ್ತು.

ಅದೇ ಹೊತ್ತಿಗೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಜೋನಾಥನ್ ಶೇಫರ್ 1989ರಲ್ಲಿ ಒಂದು ಪ್ರೋಗ್ರಾಂ ಬರೆಯಲು ತೊಡಗಿದರು. ಆ ಸೀಮೆಯಲ್ಲಿ ಬೀಸುವ ಬೆಚ್ಚನೆಯ ಗಾಳಿಯ ಹೆಸರನ್ನು ಅದಕ್ಕೆ ಇಟ್ಟರು: ಚಿನೂಕ್. ಕಂಪ್ಯೂಟರ್ ಚೆಕರ್ಸ್ ಆಡುವುದು ಹೊಸತೇನಲ್ಲ. ಐಬಿಎಂನ ಆರ್ಥರ್ ಸ್ಯಾಮ್ಯುಯೆಲ್ ಬರೆದ ಪ್ರೋಗ್ರಾಂ 1962ರಲ್ಲಿ ರಾಬರ್ಟ್ ನೀಲಿ ಎಂಬ ಆಟಗಾರನನ್ನು ಒಂದು ಆಟದಲ್ಲಿ ಸೋಲಿಸಿತ್ತು. ಚೆಕರ್ಸ್ ಕಥೆ ಮುಗಿಯಿತೆಂದೇ ಅನೇಕರು ತಿಳಿದುಬಿಟ್ಟರು. ಆದರೆ 1966ರಲ್ಲಿ ಅದೇ ಪ್ರೋಗ್ರಾಂ ಹೆಲ್ಮನ್ ಮತ್ತು ಓಲ್ಡ್‌ಬರಿ ಎದುರು ಆಡಿದ ಆಟಗಳನ್ನೆಲ್ಲ ಸೋತಿತು. ಚಿನೂಕ್ ಹಾಗಿರಲಿಲ್ಲ. ಅದಕ್ಕೆ ಮೂರು ಬಲಗಳಿದ್ದವು. ಆರಂಭದ ನಡೆಗಳ ದೊಡ್ಡ ಸಂಗ್ರಹ ಮೊದಲನೆಯದು. ನಡುವಿನಲ್ಲಿ ಹಲವಾರು ನಡೆಗಳ ಮುಂದಿನ ಸಾಧ್ಯತೆಗಳನ್ನು ಹುಡುಕಿ ತೂಗಿ ನೋಡುವ ಶಕ್ತಿ ಎರಡನೆಯದು. ಹಲಗೆಯಲ್ಲಿ ಕೆಲವೇ ಕಾಯಿಗಳು ಉಳಿದಾಗ ಯಾವ ಸ್ಥಿತಿಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿ ಮೂರನೆಯದು. ಆ ಪಟ್ಟಿಯ ಮಟ್ಟಿಗೆ ಯಂತ್ರದ ತೀರ್ಮಾನ ಊಹೆಯಲ್ಲ, ಖಚಿತ ಉತ್ತರ.

1990ರಲ್ಲಿ ಅಮೆರಿಕದ ರಾಷ್ಟ್ರೀಯ ಟೂರ್ನಿಯಲ್ಲಿ ಟಿನ್ಸ್ಲಿ ಮೊದಲ ಸ್ಥಾನ, ಚಿನೂಕ್ ಎರಡನೇ ಸ್ಥಾನ ಪಡೆದರು. ಅದೇ ವರ್ಷ ಇಬ್ಬರ ನಡುವೆ 14 ಆಟಗಳ ಒಂದು ಪ್ರದರ್ಶನ ಪಂದ್ಯ ನಡೆಯಿತು. ಹದಿಮೂರು ಡ್ರಾ ಆದವು. ಉಳಿದ ಒಂದರಲ್ಲಿ ಚಿನೂಕ್ ಹತ್ತನೇ ನಡೆ ಇಟ್ಟ ಕೂಡಲೇ, ಈ ನಡೆಗೆ ನೀವು ಪಶ್ಚಾತ್ತಾಪ ಪಡುತ್ತೀರಿ ಎಂದು ಟಿನ್ಸ್ಲಿ ಶೇಫರ್‌ಗೆ ಹೇಳಿದರು. ಆಗ ಕಂಪ್ಯೂಟರ್‌ನ ಲೆಕ್ಕದಲ್ಲಿ ಅದರ ಸ್ಥಿತಿ ಚೆನ್ನಾಗಿಯೇ ಇತ್ತು. ಬಹಳ ನಡೆಗಳ ನಂತರವಷ್ಟೇ ತಾನು ಸೋಲುತ್ತಿರುವುದು ಅದಕ್ಕೆ ಗೊತ್ತಾಯಿತು. ಲಕ್ಷಗಟ್ಟಲೆ ಸಾಧ್ಯತೆಗಳನ್ನು ಹುಡುಕಿದ ಯಂತ್ರಕ್ಕೆ ಕಾಣದ್ದು, ನಲವತ್ತು ವರ್ಷ ಆಟವನ್ನು ಓದಿದ ಮನುಷ್ಯನಿಗೆ ಒಂದೇ ನೋಟದಲ್ಲಿ ಕಂಡಿತ್ತು.

ಎರಡನೇ ಸ್ಥಾನ ಪಡೆದದ್ದರಿಂದ ವಿಶ್ವ ಪಟ್ಟಕ್ಕೆ ಸವಾಲು ಹಾಕುವ ಹಕ್ಕು ಚಿನೂಕ್‌ಗೆ ಬಂದಿತ್ತು. ಅಮೆರಿಕದ ಮತ್ತು ಇಂಗ್ಲೆಂಡಿನ ಚೆಕರ್ಸ್ ಸಂಸ್ಥೆಗಳು ಇದಕ್ಕೆ ಒಪ್ಪಲಿಲ್ಲ. ಮನುಷ್ಯರ ಪಟ್ಟಕ್ಕೆ ಯಂತ್ರ ಆಡಬಾರದು ಎಂಬುದು ಅವರ ನಿಲುವು. ಟಿನ್ಸ್ಲಿ ಸುಮ್ಮನಿದ್ದಿದ್ದರೆ ಸಾಕಿತ್ತು. ಪಟ್ಟ ಉಳಿಯುತ್ತಿತ್ತು, ಸೋಲದವನೆಂಬ ಹೆಸರೂ ಉಳಿಯುತ್ತಿತ್ತು, ಯಾರೂ ಅವರನ್ನು ಹೇಡಿ ಎನ್ನುತ್ತಿರಲಿಲ್ಲ. ಅವರು ಮಾಡಿದ್ದೇ ಬೇರೆ. ತಮ್ಮ ವಿಶ್ವ ಪಟ್ಟಕ್ಕೆ ರಾಜೀನಾಮೆ ಕೊಟ್ಟು ಚಿನೂಕ್ ಜೊತೆ ಆಡಲು ಸಹಿ ಹಾಕಿದರು. ಕೊನೆಗೆ ಸಂಸ್ಥೆಗಳೇ ಮನುಷ್ಯ ಮತ್ತು ಯಂತ್ರದ ನಡುವಿನ ವಿಶ್ವ ಪಟ್ಟ ಎಂಬ ಹೊಸ ಬಿರುದನ್ನು ಮಾಡಬೇಕಾಯಿತು. ಕಾರಣ ಸರಳ. ಉಳಿದವರಂತೆ ಚಿನೂಕ್‌ಗೆ ಅವರ ಭಯವಿರಲಿಲ್ಲ, ಅದು ಗೆಲ್ಲಲು ಆಡುತ್ತಿತ್ತು. ಅದರೊಡನೆ ಆಡುವಾಗ ಮತ್ತೆ ಹರೆಯ ಬಂದಂತಾಗುತ್ತದೆ ಎಂದು ಅವರು ಸಂತೋಷಪಟ್ಟಿದ್ದರು.

1992ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ಪಂದ್ಯ ನಡೆಯಿತು. ತನ್ನನ್ನು ರೂಪಿಸಿದವನು ದೇವರು, ಚಿನೂಕನ್ನು ರೂಪಿಸಿದವರು ಜೋನಾಥನ್, ಹೀಗಾಗಿ ತನ್ನ ಪ್ರೋಗ್ರಾಮರ್ರೇ ಮೇಲು ಎಂದು ಟಿನ್ಸ್ಲಿ ನಗುತ್ತ ಹೇಳುತ್ತಿದ್ದರು. ಐದನೇ ಆಟವನ್ನು ಅವರು ಗೆದ್ದರು. ಎಂಟನೇ ಆಟದಲ್ಲಿ ಸೋತರು. ಹದಿನಾಲ್ಕನೇ ಆಟದಲ್ಲಿ ಮತ್ತೆ ಸೋತರು. ಎಷ್ಟೋ ವರ್ಷಗಳಲ್ಲಿ ಒಂದು ಆಟ ಸೋಲುತ್ತಿದ್ದವರು ಕೆಲವೇ ದಿನಗಳಲ್ಲಿ ಎರಡು ಆಟ ಸೋತು ಹಿಂದೆ ಬಿದ್ದಿದ್ದರು. ಅವರು ಎದ್ದು ಹೋಗಲಿಲ್ಲ, ಯಾರನ್ನೂ ದೂರಲಿಲ್ಲ. ಹದಿನೆಂಟನೇ ಆಟದಲ್ಲಿ ಯಂತ್ರವೇ ಕೆಟ್ಟು ನಿಂತು ಆಟ ಬಿಟ್ಟುಕೊಡಬೇಕಾಯಿತು, ಅಂಕ ಸಮವಾಯಿತು. ಆಮೇಲೆ ಇನ್ನೆರಡು ಆಟ ಗೆದ್ದು ಟಿನ್ಸ್ಲಿ ಪಂದ್ಯ ಮುಗಿಸಿದರು. ಒಟ್ಟು ಅವರಿಗೆ ನಾಲ್ಕು ಗೆಲುವು, ಚಿನೂಕ್‌ಗೆ ಎರಡು, 33 ಡ್ರಾ.

ಎರಡು ವರ್ಷಗಳ ನಂತರ, 1994ರ ಆಗಸ್ಟ್‌ನಲ್ಲಿ, ಬೋಸ್ಟನ್‌ನ ಕಂಪ್ಯೂಟರ್ ಮ್ಯೂಸಿಯಂನಲ್ಲಿ ಮರುಪಂದ್ಯ. ಈ ಹೊತ್ತಿಗೆ ಹಲಗೆಯಲ್ಲಿ ಎಂಟು ಅಥವಾ ಅದಕ್ಕಿಂತ ಕಡಿಮೆ ಕಾಯಿಗಳಿರುವ ಎಲ್ಲ ಸ್ಥಿತಿಗಳ ಲೆಕ್ಕವೂ ಚಿನೂಕ್ ಬಳಿ ಸಿದ್ಧವಿತ್ತು. ಅವುಗಳ ಸಂಖ್ಯೆ ಸುಮಾರು 44,400 ಕೋಟಿ. ಮೊದಲ ಆರು ಆಟಗಳೂ ಡ್ರಾ ಆದವು. ಆಮೇಲೆ ಟಿನ್ಸ್ಲಿಗೆ ಹೊಟ್ಟೆನೋವು ಕಾಣಿಸಿತು. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಕಂಡಿತು. ಅದು ಕ್ಯಾನ್ಸರ್ ಆಗಿತ್ತು. ಅವರು ಪಂದ್ಯದಿಂದ ಹಿಂದೆ ಸರಿದು ಪಟ್ಟವನ್ನು ಚಿನೂಕ್‌ಗೆ ಬಿಟ್ಟುಕೊಟ್ಟರು. ಯಾವುದೇ ಆಟದಲ್ಲಿ ಮನುಷ್ಯನಿಂದ ವಿಶ್ವ ಪಟ್ಟ ಪಡೆದ ಮೊದಲ ಪ್ರೋಗ್ರಾಂ ಎಂಬ ದಾಖಲೆ ಚಿನೂಕ್‌ನದಾಯಿತು. 1995ರ ಏಪ್ರಿಲ್ 3ರಂದು ಟಿನ್ಸ್ಲಿ ಟೆಕ್ಸಸ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 68 ವರ್ಷ.

ಪಟ್ಟ ಸಿಕ್ಕಿದರೂ ಶೇಫರ್‌ಗೆ ಸಮಾಧಾನವಿರಲಿಲ್ಲ. ಹಲಗೆಯ ಮೇಲೆ ಟಿನ್ಸ್ಲಿಯವರನ್ನು ಪಂದ್ಯದಲ್ಲಿ ಸೋಲಿಸಲು ಆಗಿರಲಿಲ್ಲ, ಇನ್ನು ಆಗುವಂತೆಯೂ ಇರಲಿಲ್ಲ. ಉಳಿದದ್ದು ಒಂದೇ ದಾರಿ: ಚೆಕರ್ಸ್ ಆಟವನ್ನೇ ಪೂರ್ತಿಯಾಗಿ ಬಿಡಿಸುವುದು. ಈ ಆಟದಲ್ಲಿ ಸಾಧ್ಯವಿರುವ ಸ್ಥಿತಿಗಳನ್ನು ಬರೆಯಬೇಕಾದರೆ 5ರ ಮುಂದೆ 20 ಸೊನ್ನೆ ಹಾಕಬೇಕು. ಹತ್ತಾರು ಕಂಪ್ಯೂಟರ್‌ಗಳು ವರ್ಷಗಟ್ಟಲೆ ದುಡಿದು, 2007ರಲ್ಲಿ ಶೇಫರ್ ತಂಡ ಉತ್ತರವನ್ನು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿತು. ಇಬ್ಬರೂ ಒಂದೂ ತಪ್ಪು ಮಾಡದೆ ಆಡಿದರೆ ಆಟ ಡ್ರಾ. ಅಂದರೆ ತಪ್ಪಿಲ್ಲದೆ ಆಡಿದವರನ್ನು ಈಗ ಯಾವ ಕಂಪ್ಯೂಟರ್ ಕೂಡ ಸೋಲಿಸಲಾರದು. ಬೋಸ್ಟನ್‌ನ ಆ ಆರು ಆಟಗಳೂ ಡ್ರಾ ಆಗಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು.

ಇಂದು ಕಂಪ್ಯೂಟರ್ ಎದುರು ಸೋಲುವುದು ಸುದ್ದಿಯೇ ಅಲ್ಲ. 1997ರಲ್ಲಿ ಚೆಸ್ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಡೀಪ್ ಬ್ಲೂ ಎದುರು ಸೋತರು, 2016ರಲ್ಲಿ ಗೋ ಆಟದ ಲೀ ಸೆಡಾಲ್ ಆಲ್ಫಾಗೋ ಎದುರು ಸೋತರು. ನಮ್ಮ ಕಿಸೆಯಲ್ಲಿರುವ ಫೋನ್ ಕೂಡ ನಮ್ಮನ್ನು ಸುಲಭವಾಗಿ ಸೋಲಿಸುತ್ತದೆ. ಆಟದ ಮಟ್ಟ ಇಳಿಸಿಕೊಂಡು ಗೆದ್ದರೆ ಮುಜುಗರ ತಪ್ಪುತ್ತದೆ, ಕಲಿಯುವುದು ಏನೂ ಇರುವುದಿಲ್ಲ. ಪರೀಕ್ಷೆಯ ಕಷ್ಟದ ಅಧ್ಯಾಯ ಬಿಟ್ಟು ಗೊತ್ತಿರುವುದನ್ನೇ ಮತ್ತೆ ಮತ್ತೆ ಓದುವುದೂ, ತಪ್ಪಾದೀತೆಂದು ತರಗತಿಯಲ್ಲಿ ಕೈ ಎತ್ತದಿರುವುದೂ ಇದೇ ಬಗೆಯವು. ಕಳೆದುಕೊಳ್ಳಲು ನಮ್ಮೆಲ್ಲರಿಗಿಂತ ಹೆಚ್ಚಿದ್ದದ್ದು ಟಿನ್ಸ್ಲಿಗೆ. ಆದರೂ ಅವರು ಬಲವಾದ ಎದುರಾಳಿಯನ್ನೇ ಹುಡುಕಿ ಹೋದರು. ಆ ಎರಡು ಸೋಲುಗಳಿಂದ ಅವರ ಹೆಸರು ಕುಂದಲಿಲ್ಲ. ಚೆಕರ್ಸ್ ಬಲ್ಲವರು ಇಂದಿಗೂ ಆ ಪಂದ್ಯವನ್ನೇ ಮೊದಲು ನೆನೆಯುತ್ತಾರೆ.