ಪೂಲ್ ಮೇಜಿನ ಮೇಲೆ ಗಾಳಿ ತಿರುಗುವುದು ಹೇಗೆ? ವಿಲ್ಲಿ ಮೊಸ್ಕೋನಿ ಬದುಕು ಮತ್ತು ಅದೃಷ್ಟದ ಲೆಕ್ಕ

ಕೇರಂ ಆಡಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ಎದುರಿಗೆ ಕೂತವರು ಒಂದು ಕಾಯಿ ಹಾಕುತ್ತಾರೆ, ಆಮೇಲೆ ಇನ್ನೊಂದು, ಮತ್ತೊಂದು. ಕಾಯಿ ಬಿದ್ದಷ್ಟೂ ಸರದಿ ಅವರದೇ. ನಾವು ಸುಮ್ಮನೆ ನೋಡುತ್ತಾ ಕೂರಬೇಕು. ಐದಾರು ಕಾಯಿ ಹೋಗುವಷ್ಟರಲ್ಲಿ, ಇವತ್ತು ಅವರ ಕೈ ಕುದುರಿದೆ, ಇದು ನಮ್ಮ ದಿನವಲ್ಲ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ.

ಈ ಅನಿಸಿಕೆಗೆ ಆಟಗಾರರು ಇಟ್ಟಿರುವ ಹೆಸರು ಮೊಮೆಂಟಮ್. ಶಾಲೆಯಲ್ಲಿ ಕಲಿತ, ರಾಶಿಯನ್ನು ವೇಗದಿಂದ ಗುಣಿಸಿದಾಗ ಬರುವ ಸಂವೇಗವಲ್ಲ ಇದು. ಆಟದ ಗಾಳಿ ಒಂದು ಕಡೆಗೆ ಬೀಸುತ್ತಿದೆ ಎಂಬ ನಂಬಿಕೆ. ಹಣ ಕಟ್ಟಿ ಆಡುವ ಪೂಲ್‌ನಲ್ಲಿ ಈ ನಂಬಿಕೆ ಇನ್ನೂ ಗಟ್ಟಿ. ಸೋಲುತ್ತಿರುವವರು ಗಾಳಿ ಇನ್ನೇನು ತಿರುಗುತ್ತದೆ ಎಂದು ಬಾಜಿ ಏರಿಸುತ್ತಾರೆ. ಗೆಲ್ಲುತ್ತಿರುವವರು ಗಾಳಿ ತಮ್ಮ ಕಡೆಗೇ ಇದೆ ಎಂದು ಎದ್ದು ಹೋಗುವುದಿಲ್ಲ. ಇವರಲ್ಲಿ ಯಾರ ಲೆಕ್ಕ ಸರಿ? ಇದನ್ನು ತಿಳಿಯಲು, ಹಸಿವಿಗಾಗಿ ಪೂಲ್ ಆಡಿ ಕೊನೆಗೆ ಆ ಆಟದ ದೊರೆಯಾದ ಒಬ್ಬರ ಬದುಕನ್ನು ನೋಡೋಣ.

ಆಲೂಗಡ್ಡೆ ಮತ್ತು ಪೊರಕೆ ಕೋಲು

ವಿಲ್ಲಿ ಮೊಸ್ಕೋನಿ ಹುಟ್ಟಿದ್ದು 1913ರ ಜೂನ್ 27ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಅಪ್ಪ ಪೂಲ್ ಹಾಲ್ ನಡೆಸುತ್ತಿದ್ದರು. ಆದರೆ ಮಗ ಆ ಆಟಕ್ಕೆ ಬೀಳುವುದು ಅವರಿಗೆ ಬೇಕಿರಲಿಲ್ಲ. ಸಂಬಂಧಿಕರಂತೆ ರಂಗದ ಮೇಲೆ ನೃತ್ಯ ಮಾಡಲಿ ಎಂಬ ಆಸೆ. ಹಾಗಾಗಿ ಕೋಲು, ಚೆಂಡುಗಳಿಗೆ ಬೀಗ ಬಿತ್ತು. ಹುಡುಗ ಪೊರಕೆ ಕೋಲು ಹಿಡಿದು, ಅಡುಗೆಮನೆಯ ಸಣ್ಣ ಆಲೂಗಡ್ಡೆಗಳನ್ನೇ ಚೆಂಡು ಮಾಡಿಕೊಂಡು ಅಭ್ಯಾಸ ನಡೆಸಿದ. ಕೊನೆಗೆ ಅಪ್ಪನೇ ಸೋತರು. ಆರರ ಆಸುಪಾಸಿನ ವಯಸ್ಸಿಗೇ ಅವನು ಆಗಿನ ವಿಶ್ವ ಚಾಂಪಿಯನ್ ರಾಲ್ಫ್ ಗ್ರೀನ್‌ಲೀಫ್ ಎದುರು ಪ್ರದರ್ಶನ ಪಂದ್ಯ ಆಡಿದ. ಸೋತರೂ ಹೆಸರಾಯಿತು. ಆಮೇಲೆ ಬೇಸರ ಬಂದು ಆಟವನ್ನೇ ಬಿಟ್ಟ.

ಮತ್ತೆ ಮೇಜಿನ ಬಳಿಗೆ ಅವರನ್ನು ತಂದದ್ದು ಆಸೆಯಲ್ಲ, ಬಡತನ. 1929ರ ನಂತರ ಅಮೆರಿಕವನ್ನು ಮಹಾ ಆರ್ಥಿಕ ಕುಸಿತ ಹಿಡಿದಿತ್ತು. ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುವ ಕೆಲಸ ಕೈತಪ್ಪಿತು, ಮನೆ ನಡೆಯಬೇಕಿತ್ತು. ಮೊಸ್ಕೋನಿ ಹಣಕ್ಕಾಗಿ ಪೂಲ್ ಆಡತೊಡಗಿದರು. ಅವರಿಗೆ ಪ್ರತಿ ಹೊಡೆತದ ಹಿಂದೆಯೂ ಮನೆಯವರ ಊಟದ ಪ್ರಶ್ನೆ ಇತ್ತು.

ಬಾಜಿ ಆಟದಲ್ಲಿ ಅವರನ್ನು ಉಳಿಸಿದ್ದು ಅದೃಷ್ಟವೋ ಕೌಶಲವೋ? ಒಂದು ಸಣ್ಣ ಲೆಕ್ಕ ಮಾಡೋಣ. ಇಬ್ಬರಲ್ಲಿ ಒಬ್ಬರು ಸ್ವಲ್ಪ ಮೇಲು, ಪ್ರತಿ ಆಟವನ್ನೂ ಗೆಲ್ಲುವ ಸಾಧ್ಯತೆ ಅವರಿಗೆ ಶೇ. 55 ಎಂದಿಟ್ಟುಕೊಳ್ಳಿ. ಒಂದೇ ಆಟವಾದರೆ ಇನ್ನೊಬ್ಬರು ಗೆಲ್ಲುವ ಸಾಧ್ಯತೆ ಶೇ. 45. ಮೊದಲು 10 ಆಟ ಗೆದ್ದವರಿಗೆ ಹಣ ಎಂದು ಮಾಡಿದರೆ ಅದು ಶೇ. 33ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಆಟ ಉದ್ದವಾದಷ್ಟೂ ಮೇಲಿನವರಿಗೆ ಲಾಭ. ಇನ್ನಷ್ಟು ಆಡಿದರೆ ಗಾಳಿ ತಿರುಗುತ್ತದೆ ಎಂದು ದುರ್ಬಲ ಆಟಗಾರರು ನಂಬುವುದು ಈ ಲೆಕ್ಕಕ್ಕೆ ಸರಿಯಾಗಿ ಉಲ್ಟಾ.

ಸೋತವರ ಸರದಿ ಬಂದೇ ಬರುತ್ತದೆಯೇ?

ಮೊಸ್ಕೋನಿ ಹುಟ್ಟಿ ಎರಡು ತಿಂಗಳೂ ತುಂಬಿರಲಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಗುಂಡು ಸತತ 26 ಬಾರಿ ಕಪ್ಪು ಮನೆಗೇ ಬಿತ್ತು. ಇಷ್ಟು ಸಲ ಕಪ್ಪು ಬಿದ್ದ ಮೇಲೆ ಕೆಂಪು ಬರಲೇಬೇಕು ಎಂದು ಹಣ ಸುರಿದವರು ಭಾರಿ ಮೊತ್ತ ಕಳೆದುಕೊಂಡರು. ಚಕ್ರಕ್ಕೆ ಹಿಂದಿನದರ ನೆನಪಿರುವುದಿಲ್ಲ. ಈ ತಪ್ಪು ತರ್ಕಕ್ಕೆ ಜೂಜುಕೋರರ ಭ್ರಮೆ ಎಂದು ಹೆಸರು.

ಪೂಲ್ ಆಟಗಾರರಿಗೆ ನೆನಪಿರುತ್ತದೆ, ನಿಜ. ಆದರೆ ಐದು ಆಟ ಸೋತಿದ್ದಕ್ಕೆ ಆರನೆಯದು ನಮಗೆ ಸಲ್ಲಬೇಕು ಎಂಬ ಯಾವ ಬಾಕಿ ಲೆಕ್ಕವೂ ಮೇಜಿನ ಮೇಲೆ ಇರುವುದಿಲ್ಲ.

ಕುರ್ಚಿಯಲ್ಲಿ ಕೂತವರ ಕಷ್ಟ

ಮೊಸ್ಕೋನಿ ಆಳಿದ್ದು ಸ್ಟ್ರೇಟ್ ಪೂಲ್ ಎಂಬ ಆಟವನ್ನು. ಮೇಜಿನ ಮೇಲೆ 15 ಚೆಂಡು. ಯಾವ ಚೆಂಡನ್ನು ಯಾವ ಪಾಕೆಟ್‌ಗೆ ಹಾಕುತ್ತೇನೆ ಎಂದು ಮೊದಲೇ ಹೇಳಿ ಹಾಕಬೇಕು. ಒಂದಕ್ಕೆ ಒಂದು ಅಂಕ. 14 ಹೋದ ಮೇಲೆ ಒಂದನ್ನು ಉಳಿಸಿ, ಆ 14ನ್ನು ಮತ್ತೆ ತ್ರಿಕೋನವಾಗಿ ಜೋಡಿಸುತ್ತಾರೆ. ಆಡುತ್ತಿದ್ದವರೇ ಮುಂದುವರಿಯುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಗುರಿ 125 ಅಥವಾ 150 ಅಂಕ.

ಇಲ್ಲಿ ಟೆನಿಸ್‌ನಂತೆ ಸರದಿ ತಾನಾಗಿ ಬದಲಾಗುವುದಿಲ್ಲ. ಚೆಂಡು ಬೀಳುತ್ತಿರುವವರೆಗೂ ಮೇಜು ಒಬ್ಬರದೇ, ಇನ್ನೊಬ್ಬರಿಗೆ ಕುರ್ಚಿ ಮಾತ್ರ. 1956ರಲ್ಲಿ ಜಿಮ್ಮಿ ಮೂರ್ ವಿರುದ್ಧ ಮೊಸ್ಕೋನಿ ಒಂದೇ ಸರದಿಯಲ್ಲಿ 150 ಅಂಕ ಗಳಿಸಿ ಪಂದ್ಯ ಮುಗಿಸಿದರು. ಮೂರ್ ಕೂಡ ಸಮರ್ಥ ಆಟಗಾರರೇ. ಆದರೆ ಕುರ್ಚಿಯಿಂದ ಯಾವ ಗಾಳಿಯನ್ನೂ ತಿರುಗಿಸಲಾಗದು.

ಅಂದರೆ ಪೂಲ್‌ನಲ್ಲಿ ಮೊಮೆಂಟಮ್ ಎಂದು ನಮಗೆ ಕಾಣುವ ಹೆಚ್ಚಿನ ಭಾಗ ಆಟದ ನಿಯಮದಿಂದಲೇ ಹುಟ್ಟಿದ್ದು. ಉಳಿದದ್ದು ಶೇಕಡಾವಾರು ಲೆಕ್ಕ. ಪ್ರತಿ ಹೊಡೆತ ಯಶಸ್ವಿಯಾಗುವ ಸಾಧ್ಯತೆ ಒಂದೇ ಎಂದು ಸರಳವಾಗಿ ಊಹಿಸಿದರೆ:

ಶೇ. 90ರಷ್ಟು ಹೊಡೆತ ಸರಿಹೋಗುವವರು ಒಂದು ಸರದಿಯಲ್ಲಿ ಸರಾಸರಿ 9 ಚೆಂಡು ಹಾಕುತ್ತಾರೆ.
ಶೇ. 97 ಆದರೆ ಸರಾಸರಿ ಸುಮಾರು 32.
ಶೇ. 99 ಆದರೆ 99.

ಶೇ. 97ರಿಂದ 99ಕ್ಕೆ ಏರುವುದು ಎರಡೇ ಅಂಶ, ಆದರೆ ಸರದಿ ಮೂರು ಪಟ್ಟು ಉದ್ದವಾಗುತ್ತದೆ. ನೋಡುವವರಿಗೆ ಇದು ದೈವಬಲದಂತೆ ಕಾಣುತ್ತದೆ. ನಿಜವಾಗಿ ಇದು ತಪ್ಪುಗಳನ್ನು ಮೂರರಿಂದ ಒಂದಕ್ಕೆ ಇಳಿಸಿದ ಫಲ.

526 ಚೆಂಡುಗಳ ದಿನ

1933ರಲ್ಲಿ ಮೊಸ್ಕೋನಿ ಅದೇ ಗ್ರೀನ್‌ಲೀಫ್ ಜೊತೆ ದೇಶ ಸುತ್ತಿ ನೂರಕ್ಕೂ ಹೆಚ್ಚು ಪಂದ್ಯ ಆಡಿದರು. ಒಟ್ಟು ಲೆಕ್ಕದಲ್ಲಿ ಗ್ರೀನ್‌ಲೀಫ್ ಸ್ವಲ್ಪ ಮುಂದಿದ್ದರು, ಆದರೆ ಹುಡುಗ ಪ್ರತಿದಿನ ಅತ್ಯುತ್ತಮರ ಎದುರು ನಿಂತು ಕಲಿತ. 1941ರಿಂದ 1957ರ ನಡುವೆ 15 ಬಾರಿ ವಿಶ್ವ ಚಾಂಪಿಯನ್ ಪಟ್ಟ ಅವರದಾಯಿತು.

1954ರ ಮಾರ್ಚ್‌ನಲ್ಲಿ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದು ಪ್ರದರ್ಶನ ಪಂದ್ಯ. ಎಂಟು ಅಡಿ ಮೇಜು. ಮೊಸ್ಕೋನಿ ಒಂದೂ ತಪ್ಪದೆ ಸತತ 526 ಚೆಂಡು ಹಾಕಿದರು. ನೋಡಿದವರು ಅದಕ್ಕೆ ಸಾಕ್ಷಿಯಾಗಿ ಪ್ರಮಾಣಪತ್ರಕ್ಕೆ ಸಹಿ ಹಾಕಿದರು.

ಇದಕ್ಕೆ ವಿಶೇಷ ಮೊಮೆಂಟಮ್ ಬೇಕೇ? ನಮ್ಮ ಸರಳ ಲೆಕ್ಕಕ್ಕೆ ಹಾಕಿ ನೋಡಿ. ಶೇ. 98ರ ಆಟಗಾರರಿಗೆ ಇಂಥದ್ದು ಸುಮಾರು 41,000 ಸರದಿಗಳಲ್ಲಿ ಒಮ್ಮೆ ಸಿಗಬಹುದು. ಶೇ. 99 ಆದರೆ ಸುಮಾರು 200 ಸರದಿಗಳಲ್ಲಿ ಒಮ್ಮೆ! ವರ್ಷಗಟ್ಟಲೆ ಊರೂರು ತಿರುಗಿ ಆಡಿದವರಿಗೆ ಅಂಥ ಒಂದು ದಿನ ಬರುವುದು ಪವಾಡವೇನಲ್ಲ. 2019ರಲ್ಲಿ ಜಾನ್ ಶ್ಮಿಟ್ ಎಂಬ ಆಟಗಾರ 626 ಚೆಂಡು ಹಾಕಿ ಈ ದಾಖಲೆ ದಾಟಿದರು. ಅದಕ್ಕಾಗಿ ಅವರು ತಿಂಗಳುಗಟ್ಟಲೆ ಮತ್ತೆ ಮತ್ತೆ ಪ್ರಯತ್ನಿಸಿದ್ದರು.

ವಿಜ್ಞಾನ ಏನು ಹೇಳುತ್ತದೆ?

1985ರಲ್ಲಿ ಥಾಮಸ್ ಗಿಲೊವಿಚ್, ರಾಬರ್ಟ್ ವಲೋನ್ ಮತ್ತು ಅಮೋಸ್ ಟ್ವೆರ್ಸ್ಕಿ ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ತೆಗೆದು ನೋಡಿದರು. ಅವರು ಬಳಸಿದ ದಾಖಲೆಗಳಲ್ಲಿ ಮೊಸ್ಕೋನಿಯ ಊರಾದ ಫಿಲಡೆಲ್ಫಿಯಾದ ತಂಡದ್ದೂ ಇತ್ತು. ಸತತ ಬುಟ್ಟಿ ಹಾಕಿದವರು ಮುಂದಿನದನ್ನೂ ಹಾಕುವ ಸಾಧ್ಯತೆ ಹೆಚ್ಚೇನಲ್ಲ, ಕುದುರಿದ ಕೈ ಎಂಬುದು ಕಣ್ಣಿನ ಭ್ರಮೆ ಎಂದು ಅವರ ತೀರ್ಮಾನ. ಮೂರು ದಶಕಗಳ ನಂತರ, 2018ರಲ್ಲಿ, ಜೋಶುವಾ ಮಿಲ್ಲರ್ ಮತ್ತು ಆಡಮ್ ಸಂಜುರ್ಹೊ ಆ ಲೆಕ್ಕದ ವಿಧಾನದಲ್ಲೇ ಒಂದು ಸೂಕ್ಷ್ಮ ದೋಷ ತೋರಿಸಿದರು. ಅದನ್ನು ಸರಿಪಡಿಸಿದರೆ ಕುದುರಿದ ಕೈ ಪೂರ್ತಿ ಸುಳ್ಳಲ್ಲ. ಆದರೆ ಆಟ ನೋಡುವಾಗ ನಮಗೆ ಅನಿಸುವಷ್ಟು ದೊಡ್ಡದೂ ಅಲ್ಲ.

ಪೂಲ್ ಬಗ್ಗೆಯೇ 1982ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನವಿದೆ. ಕಾಲೇಜಿನಲ್ಲಿ ಪೂಲ್ ಆಡುತ್ತಿದ್ದವರನ್ನು ಮೊದಲು ದೂರದಿಂದ ಗಮನಿಸಿದರು, ಆಮೇಲೆ ಕೆಲವರು ಹತ್ತಿರ ಬಂದು ನಿಂತು ನೋಡಿದರು. ಜನ ನೋಡುತ್ತಿದ್ದಾಗ ಚೆನ್ನಾಗಿ ಆಡುವವರ ಯಶಸ್ಸು ಶೇ. 71ರಿಂದ 80ಕ್ಕೆ ಏರಿತು. ಅಷ್ಟೇನೂ ಬಾರದವರದು ಶೇ. 36ರಿಂದ 25ಕ್ಕೆ ಇಳಿಯಿತು. ಅಂದರೆ ಒತ್ತಡ ಪಕ್ಷಪಾತಿ. ಕೈಗೆ ಹತ್ತಿದ ಕೌಶಲವನ್ನು ಅದು ಎತ್ತುತ್ತದೆ, ಇನ್ನೂ ಹತ್ತದ ಕೌಶಲವನ್ನು ಕೆಡಿಸುತ್ತದೆ. ಸೋಲುತ್ತಿರುವಾಗ ಬಾಜಿ ಏರಿಸುವವರು ತಮ್ಮ ಮೇಲೆಯೇ ಈ ಒತ್ತಡ ಹೇರಿಕೊಳ್ಳುತ್ತಾರೆ.

ಸಿನಿಮಾದಲ್ಲಿ ಗಾಳಿ ತಿರುಗಿದ ರಾತ್ರಿ

1950ರ ದಶಕದ ಉತ್ತರಾರ್ಧದಲ್ಲಿ ಮೊಸ್ಕೋನಿಗೆ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಮತ್ತೆ ಕೋಲು ಹಿಡಿದರು. 1961ರಲ್ಲಿ ಬಂದ ದಿ ಹಸ್ಲರ್ ಚಿತ್ರಕ್ಕೆ ಆಟದ ಸಲಹೆಗಾರರಾದರು. ನಾಯಕ ಪಾಲ್ ನ್ಯೂಮನ್‌ಗೆ ಕೋಲು ಹಿಡಿಯಲು ಕಲಿಸಿದ್ದು ಅವರೇ. ಬಾಜಿ ಹಣ ಹಿಡಿದುಕೊಳ್ಳುವ ಸಣ್ಣ ಪಾತ್ರದಲ್ಲಿ ತೆರೆಯ ಮೇಲೂ ಕಾಣುತ್ತಾರೆ.

ಬಾಜಿ ಪಂದ್ಯ ತಿರುಗುವ ಬಗೆಯನ್ನು ಆ ಚಿತ್ರದಷ್ಟು ಚೆನ್ನಾಗಿ ತೋರಿಸಿದ್ದು ಅಪರೂಪ. ಯುವಕ ಎಡ್ಡಿ ಒಂದು ಹಂತದಲ್ಲಿ 18,000 ಡಾಲರ್ ಮುಂದಿದ್ದಾನೆ. ಎದುರಾಳಿ ಫ್ಯಾಟ್ಸ್ ಬಾಜಿಯ ಮಾತೆತ್ತುವುದಿಲ್ಲ. ಹೋಗಿ ಮುಖ ತೊಳೆದು, ಕೈಗೆ ಪೌಡರ್ ಹಚ್ಚಿ, ಕೋಟು ತೊಟ್ಟು, ಆಗ ತಾನೇ ಬಂದವನಂತೆ ಮೇಜಿನ ಮುಂದೆ ನಿಲ್ಲುತ್ತಾನೆ. ಎಡ್ಡಿ ಕುಡಿದು, ನಿದ್ದೆಗೆಟ್ಟು, ಗೆದ್ದಾಗಲೂ ಏಳದೆ ಆಡುತ್ತಾನೆ. ಕೊನೆಗೆ ಅವನ ಬಳಿ ಉಳಿಯುವುದು 200 ಡಾಲರ್. ಇದು ಕಥೆಯೇ ಆದರೂ ಒಳಗಿನ ತರ್ಕ ನಿಜ. ಇಲ್ಲಿ ಅದೃಷ್ಟ ಪಕ್ಷ ಬದಲಿಸಲಿಲ್ಲ. ಒಬ್ಬನ ಶೇಕಡಾವಾರು ದಣಿವಿನಿಂದ ಇಳಿಯಿತು, ಇನ್ನೊಬ್ಬನದು ಇಳಿಯಲಿಲ್ಲ.

ಚಿತ್ರ ಬಂದ ಮೇಲೆ ರುಡಾಲ್ಫ್ ವಾಂಡರೋನ್ ಎಂಬ ಬಾಜಿ ಆಟಗಾರ ಆ ಪಾತ್ರದ ಹೆಸರನ್ನೇ ತನ್ನದೆಂದು ಹೇಳಿಕೊಂಡು ಮಿನ್ನೆಸೋಟ ಫ್ಯಾಟ್ಸ್ ಆದರು. ಪೂಲ್ ಒಂದು ಮರ್ಯಾದಸ್ಥ ಆಟ ಎಂದು ತೋರಿಸಲು ಜೀವನವಿಡೀ ಹೆಣಗಿದ ಮೊಸ್ಕೋನಿಗೆ ಇದು ಸಹಿಸಲಿಲ್ಲ. 1978ರಲ್ಲಿ ಇಬ್ಬರೂ ಟಿವಿ ಕ್ಯಾಮೆರಾಗಳ ಮುಂದೆ ಎದುರಾದರು. ಫ್ಯಾಟ್ಸ್ ಇಡೀ ಪಂದ್ಯ ಮಾತಾಡುತ್ತಲೇ, ಎದುರಾಳಿಯ ಗಮನ ಕದಡಲು ನೋಡುತ್ತಲೇ ಇದ್ದರು. 64ರ ಮೊಸ್ಕೋನಿ ಚೆಂಡು ಹಾಕುತ್ತಾ ಹೋದರು, ನಿಚ್ಚಳವಾಗಿ ಗೆದ್ದರು.

ಹಾಗಾದರೆ ತಿರುಗಿಸುವುದು ಹೇಗೆ?

ಸರದಿ ಬಂದಾಗ ಒಳ್ಳೆಯ ಹೊಡೆತ ಇಲ್ಲದಿದ್ದರೆ ಸಾಹಸ ಬೇಡ. ಬಿಳಿ ಚೆಂಡನ್ನು ಎದುರಾಳಿಗೆ ಏನೂ ಸಿಗದ ಜಾಗದಲ್ಲಿ ನಿಲ್ಲಿಸುವ ರಕ್ಷಣಾ ಹೊಡೆತ ಆಡಬೇಕು. ಆಗ ಎದುರಾಳಿಯ ಮುಂದಿನ ಹೊಡೆತದ ಶೇಕಡಾವಾರು ಇಳಿಯುತ್ತದೆ. ಗಾಳಿ ತಿರುಗುವುದೆಂದರೆ ಇಷ್ಟೇ. ಎರಡನೆಯದು, ವಿರಾಮ: ಮುಖ ತೊಳೆಯುವುದು, ನೀರು ಕುಡಿಯುವುದು, ದಣಿದಿದ್ದರೆ ಎದ್ದು ಹೋಗುವುದು. ಮೂರನೆಯದು, ಎದುರಾಳಿ ನಿಜಕ್ಕೂ ಮೇಲು ಎಂದಾದರೆ ಒಪ್ಪಿಕೊಳ್ಳುವುದು.

ಬಾಜಿ ಏರಿಸುವುದು ಈ ಪಟ್ಟಿಯಲ್ಲಿ ಇಲ್ಲ. ಹಣ ಹೆಚ್ಚಿಸಿದರೆ ಚೆಂಡು ಬೀಳುವ ಸಾಧ್ಯತೆ ಹೆಚ್ಚುವುದಿಲ್ಲ. ಕಳೆದದ್ದನ್ನು ಮರಳಿ ಪಡೆಯಲು ಮತ್ತೆ ಮತ್ತೆ ಆಡುವುದನ್ನು ವೈದ್ಯರು ಜೂಜಿನ ಚಟದ ಲಕ್ಷಣಗಳಲ್ಲಿ ಒಂದಾಗಿ ಗುರುತಿಸುತ್ತಾರೆ. ಪೂಲ್ ಮೇಜಾಗಲಿ ಮೊಬೈಲ್ ಆಟವಾಗಲಿ, ನಿಮಗೋ ನಿಮ್ಮವರಿಗೋ ಹೀಗಾಗುತ್ತಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಮೊಸ್ಕೋನಿ 1993ರ ಸೆಪ್ಟೆಂಬರ್‌ನಲ್ಲಿ, 80ನೇ ವಯಸ್ಸಿನಲ್ಲಿ ತೀರಿಕೊಂಡರು. 526 ಚೆಂಡು ಹಾಕಿದ ಆ ದಿನವೂ ಅವರು ಒಂದು ಸಲಕ್ಕೆ ಒಂದೇ ಚೆಂಡು ಹಾಕಿದ್ದು.